ಹೊಗೆ ಬಿಡುವ ಮೊದಲು ಹುಳು ಎಣಿಸಿ: ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲಾಡಳಿತಗಳಿಗೆ ಬಹಿರಂಗ ಪತ್ರ

ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ನಗರ ಮತ್ತು ಗ್ರಾಮಗಳ ಚುನಾಯಿತ ಸದಸ್ಯರಿಗೆ,

ಮಾನ್ಯರೇ,

ಮಾನ್ವಿ ಕಡೆಯ ಹತ್ತಿ ಬೆಳೆಗಾರರೊಬ್ಬರನ್ನು, ಗುಲಾಬಿ ಕಾಯಿಕೊರಕಕ್ಕೆ ಎಣ್ಣೆ ಯಾವಾಗ ಹೊಡೀತೀರಿ ಎಂದು ಕೇಳಿ ನೋಡಿ. ತಿಳಿದ ರೈತ ಲೆಕ್ಕ ಹೇಳುತ್ತಾನೆ: ಎಕರೆಗೆ ಎರಡು ಮೋಹಕ ಬಲೆ (ವಾಸನೆಯಿಂದ ಪತಂಗ ಸೆಳೆಯುವ ಬಲೆ) ಕಟ್ಟಬೇಕು, ಬಲೆಯೊಂದಕ್ಕೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಸಿಂಪಡಿಸಬೇಕು, ಅಷ್ಟು ಬೀಳದಿದ್ದರೆ ಕಾಯಬೇಕು. ಈ ಲೆಕ್ಕ ಹೊಲದ ಬದುವಿನವರೆಗೂ ತಲುಪಿದೆ. ಅದೇ ರೈತನ ಮನೆ ಇರುವ ಓಣಿಗೆ ಹೊಗೆ ಯಂತ್ರ ಬರಲು ಮಾತ್ರ ಯಾವ ಲೆಕ್ಕವೂ ಇಲ್ಲ. ಜ್ವರದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಯಂತ್ರ ಬರುತ್ತದೆ, ವಾರ್ಡಿನವರು ಗಲಾಟೆ ಮಾಡಿದರೆ ಬರುತ್ತದೆ. ಆ ಓಣಿಯಲ್ಲಿ ಯಾವ ಜಾತಿಯ ಸೊಳ್ಳೆ ಇದೆ, ಎಷ್ಟಿದೆ, ಎಲ್ಲಿ ಹುಟ್ಟುತ್ತಿದೆ ಎಂದು ಯಂತ್ರ ಚಾಲೂ ಮಾಡುವ ಮೊದಲು ಯಾರೂ ನೋಡಿರುವುದಿಲ್ಲ.

ಈ ಪತ್ರ ಬರೆಯುತ್ತಿರುವ ನಾವು ಕೀಟಶಾಸ್ತ್ರ ಓದಿದವರು, ಕೆಲವರು ಬೆಳೆಗಳ ಕೀಟದಲ್ಲಿ, ಕೆಲವರು ರೋಗ ಹರಡುವ ಕೀಟದಲ್ಲಿ ಕೆಲಸ ಮಾಡುವವರು. ನಾವು ಕೇಳುವುದು ಒಂದೇ. ಸೊಳ್ಳೆ ನಿಯಂತ್ರಣಕ್ಕೆ ಖರ್ಚಾಗುವ ಹಣ ಕೀಟದ ಎಣಿಕೆಯನ್ನು ನೋಡಿ ಖರ್ಚಾಗಲಿ. ಆ ಎಣಿಕೆಗೆ ಹೊಣೆ ಹೊರುವ ಪೂರ್ಣಾವಧಿಯ ಕೀಟಶಾಸ್ತ್ರಜ್ಞ ಪ್ರತಿ ಜಿಲ್ಲೆಯಲ್ಲೂ ಇರಲಿ.

ಜನ ಹೆಚ್ಚಾಗಿ ಕೇಳುವುದು ಹೊಗೆಯನ್ನೇ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ. ಥರ್ಮಲ್ ಫಾಗಿಂಗ್ ಯಂತ್ರಕ್ಕೆ ಹಾಕುವುದು 1 ಲೀಟರ್ ಟೆಕ್ನಿಕಲ್, ಅಂದರೆ ಏನೂ ಬೆರೆಸದ, ಮೆಲಾಥಿಯಾನ್ ಕೀಟನಾಶಕಕ್ಕೆ 19 ಲೀಟರ್ ಡೀಸೆಲ್. ಬಿಸಿ ಕೊಳವೆಯಿಂದ ಹೊರಬರುವ ಹನಿ 30 ಮೈಕ್ರಾನ್‌ಗಿಂತ ಸಣ್ಣದಾಗಿರಬೇಕು. ಆ ಹನಿ ಗಾಳಿಯಲ್ಲಿ ತೇಲುತ್ತಿರುವ ಕೆಲವೇ ನಿಮಿಷಗಳಲ್ಲಿ ಹಾರುವ ಸೊಳ್ಳೆಗೆ ತಗುಲಿದರೆ ಮಾತ್ರ ಅದು ಸಾಯುತ್ತದೆ. ಗೋಡೆಯ ಮೇಲೆ ಏನೂ ಉಳಿಯುವುದಿಲ್ಲ, ನೀರಿನೊಳಗಿನ ಲಾರ್ವಾಕ್ಕೆ, ಅಂದರೆ ಸೊಳ್ಳೆಮರಿಗೆ, ಏನೂ ಆಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಹಗಲು ಕಚ್ಚುತ್ತದೆ, ಉಳಿದ ಹೊತ್ತು ಮನೆಯೊಳಗೇ ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಿ, ಅಟ್ಟದ ಕತ್ತಲಲ್ಲಿ ಕೂತಿರುತ್ತದೆ. ಬೀದಿಯಲ್ಲಿ ಯಂತ್ರದ ಸದ್ದು ಕೇಳಿದ ತಕ್ಷಣ ಜನ ಡೀಸೆಲ್ ವಾಸನೆಗೆ ಹೆದರಿ ಬಾಗಿಲು ಕಿಟಕಿ ಮುಚ್ಚುತ್ತಾರೆ. ಹೊಗೆ ಬೀದಿಯಲ್ಲಿ, ಸೊಳ್ಳೆ ಮನೆಯಲ್ಲಿ.

ಹೊತ್ತೂ ತಪ್ಪುತ್ತದೆ. ಬೆಳಗ್ಗೆ 11 ಗಂಟೆಗೆ ರಾಯಚೂರಿನ ಕಾದ ನೆಲದ ಮೇಲೆ ಬಿಟ್ಟ ಹೊಗೆ ನೆಟ್ಟಗೆ ಮೇಲೇರಿ ಹೋಗುತ್ತದೆ. ನೆಲ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುವ ಮುಂಜಾನೆ, ಇಲ್ಲವೆ ಹೊತ್ತು ಮುಳುಗುವ ಸಮಯದಲ್ಲಿ ಮಾತ್ರ ಅದು ನೆಲ ಹಿಡಿದು ಹರಡುತ್ತದೆ. ಗಾಳಿ ಗಂಟೆಗೆ 15 ಕಿ.ಮೀ. ಮೀರಿದರೆ ಕೆಲಸ ನಿಲ್ಲಿಸಬೇಕು. ಜೂನ್, ಜುಲೈ ತಿಂಗಳಲ್ಲಿ ನಮ್ಮ ಬಯಲಿನಲ್ಲಿ ಬೀಸುವ ಪಡುವಣ ಗಾಳಿ ಗೊತ್ತಿದ್ದವರಿಗೆ ಇದು ಎಷ್ಟು ದಿನ ಸಾಧ್ಯ ಎಂಬುದೂ ಗೊತ್ತು.

ಹೊಗೆ ಪೂರ್ತಿ ಬೇಡ ಎಂದು ನಾವು ಹೇಳುವುದಿಲ್ಲ. ಡೆಂಗಿ ಖಚಿತವಾದ ಮನೆಯಲ್ಲಿ ಮತ್ತು ಅದರ ಸುತ್ತಲಿನ ಸುಮಾರು 50 ಮನೆಗಳಲ್ಲಿ, ಒಳಗಡೆ, ಬೇಗ ಮಾಡಿದರೆ ಅದರಿಂದ ಪ್ರಯೋಜನ ಇದೆ. ಸೋಂಕು ಹೊತ್ತ ಹೆಣ್ಣು ಸೊಳ್ಳೆ ಸಾಯುವವರೆಗೂ ರೋಗ ಹರಡುತ್ತಲೇ ಇರುತ್ತದೆ, ಹೆಚ್ಚಾಗಿ ಆ ನೂರಿನ್ನೂರು ಮೀಟರ್ ಒಳಗೇ ಸುತ್ತುತ್ತದೆ. ಈ ಒಳಗಿನ ಸಿಂಪಡಣೆಗೆ 2 ಪ್ರತಿಶತ ಪೈರೆಥ್ರಂ ಕೀಟನಾಶಕ ಸಾರ 1 ಪಾಲು, ಸೀಮೆಎಣ್ಣೆ 19 ಪಾಲು. ಒಲೆ ಆರಿಸಿ, ಊಟ ನೀರು ಮುಚ್ಚಿ, ಜನರನ್ನು ಹೊರಗೆ ಕಳಿಸಿ, ಸಿಂಪಡಿಸಿದ ಮೇಲೆ ಅರ್ಧ ಗಂಟೆ ಬಾಗಿಲು ಹಾಕಿರಬೇಕು. 7ರಿಂದ 10 ದಿನದೊಳಗೆ ಇನ್ನೊಮ್ಮೆ ಮಾಡಲೇಬೇಕು. ಮೊದಲ ಸಲ ನೀರಲ್ಲಿದ್ದ ಲಾರ್ವಾ ಅಷ್ಟರಲ್ಲಿ ರೆಕ್ಕೆ ಬಲಿತು ಹೊರಬಂದಿರುತ್ತದೆ. ಎರಡನೇ ಸುತ್ತು ಬಿಟ್ಟುಹೋದರೆ ಮೊದಲನೆಯ ಸುತ್ತಿನ ಖರ್ಚು ನೀರುಪಾಲು.

ಯಂತ್ರ ಹೊರುವ ಕಾರ್ಮಿಕರ ವಿಷಯವನ್ನೂ ಇಲ್ಲೇ ಹೇಳಬೇಕು. ಮೆಲಾಥಿಯಾನ್ ಬಿಸಿ ಗೋದಾಮಿನಲ್ಲಿ ಬಹಳ ದಿನ ಇದ್ದರೆ ಅದರಲ್ಲಿ ಐಸೋಮೆಲಾಥಿಯಾನ್ ಎಂಬ ವಸ್ತು ಹುಟ್ಟುತ್ತದೆ, ಅದು ಮೂಲ ಔಷಧದ ವಿಷವನ್ನು ಮನುಷ್ಯನಿಗೆ ಹಲವು ಪಟ್ಟು ಹೆಚ್ಚಿಸುತ್ತದೆ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ಕಾರ್ಯಕ್ರಮದಲ್ಲಿ 7,500 ಸಿಂಪಡಣೆಗಾರರ ಪೈಕಿ ಸುಮಾರು 2,800 ಜನರಿಗೆ ವಿಷವೇರಿ, ಕನಿಷ್ಠ ಐವರು ಸತ್ತದ್ದು ಇದೇ ಕಾರಣಕ್ಕೆ. ಮೇ ತಿಂಗಳಲ್ಲಿ ತಗಡಿನ ಶೀಟಿನ ಕೋಣೆಯಲ್ಲಿ ಹಳೆಯ ಡಬ್ಬ ಇಟ್ಟು, ಮಳೆಗಾಲದಲ್ಲಿ ಕೈಗವಸು ಇಲ್ಲದ ಹುಡುಗರ ಕೈಗೆ ಕೊಡುವುದು ಸಲ್ಲದು. ಡಬ್ಬದ ತಯಾರಿ ತಿಂಗಳು ನೋಡುವವರು ಬೇಕು, ಕೋಣೆಗೆ ನೆರಳೂ ಗಾಳಿಯೂ ಬೇಕು.

ಈಗ ನೀರಿನ ಡ್ರಮ್ಮಿಗೆ ಬರೋಣ. ಇಡೀ ವಿಷಯದ ತಿರುಳು ಅಲ್ಲಿದೆ.

ನಮ್ಮ ಊರುಗಳಲ್ಲಿ ನಳದ ನೀರು ದಿನಾ ಬರುವುದು ಅಪರೂಪ. ನದಿ, ಕಾಲುವೆ ಪಕ್ಕದಲ್ಲಿದ್ದರೂ ಓಣಿಗೆ ನಾಲ್ಕು ದಿನಕ್ಕೋ ವಾರಕ್ಕೋ ಒಮ್ಮೆ. ಹಾಗಾಗಿ ಪ್ರತಿ ಮನೆಯಲ್ಲೂ 200 ಲೀಟರಿನ ಎರಡು ಮೂರು ಪ್ಲಾಸ್ಟಿಕ್ ಡ್ರಮ್, ಸಿಮೆಂಟ್ ತೊಟ್ಟಿ, ಸಂಪು, ಮಹಡಿ ಮೇಲೊಂದು ಟ್ಯಾಂಕ್, ದನಕ್ಕೆ ಕಲ್ಲಿನ ದೋಣಿ. ಬಿಸಿಲ ಬೇಗೆಗೆ ಕೂಲರ್ ಬೇರೆ. ಡ್ರಮ್ಮಿನ ಒಳಮೈಗೆ ಟಾರ್ಚ್ ಹಿಡಿದು, ನೀರಿನ ಮಟ್ಟದಿಂದ ಒಂದೆರಡು ಬೆರಳು ಮೇಲೆ ನೋಡಿ. ಮಸಿ ಚುಕ್ಕಿಯಂಥ ಕರಿಯ ಕಣಗಳು ಸಾಲಾಗಿ ಅಂಟಿರುತ್ತವೆ. ಅವು ಈಡಿಸ್ ಮೊಟ್ಟೆ. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲೆ ಇಡುವುದಿಲ್ಲ, ತೇವದ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಮತ್ತೆ ಆ ಮಟ್ಟಕ್ಕೆ ಏರಿದ ದಿನ ಒಡೆಯುತ್ತವೆ. ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ನೀರು ಬರುವ ದಿನಕ್ಕೂ ಮುಂದಿನ ಸಲ ಬರುವ ದಿನಕ್ಕೂ ನಡುವೆ ಇರುವ ಅಂತರ ಎಷ್ಟು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ಕರಪತ್ರ ಹಂಚಿದರೆ ಇದಕ್ಕೇ ಸಾಲುವುದಿಲ್ಲ. ಚೆಲ್ಲಿದ ಮೇಲೂ ಮೊಟ್ಟೆ ಗೋಡೆಯಲ್ಲಿ ಉಳಿಯುತ್ತದೆ. ತೆಂಗಿನ ನಾರು ಅಥವಾ ಗಟ್ಟಿ ಬ್ರಷ್‌ನಿಂದ ಒಳಮೈಯನ್ನು, ಮುಖ್ಯವಾಗಿ ನೀರಿನ ಗೆರೆ ಇರುವ ಜಾಗವನ್ನು ತಿಕ್ಕಿ, ಆ ತೊಳೆದ ನೀರನ್ನು ಮಣ್ಣಿಗೆ ಚೆಲ್ಲಬೇಕು, ಇನ್ನೊಂದು ಪಾತ್ರೆಗೆ ಅಲ್ಲ. ಒಂದು ವಾರ ಕಾದು ತುಂಬಿಸಿಕೊಂಡ ನೀರನ್ನು ಚೆಲ್ಲು ಎಂದರೆ ಯಾವ ತಾಯಿಯೂ ಚೆಲ್ಲುವುದಿಲ್ಲ, ಅದು ಅವರ ತಪ್ಪೂ ಅಲ್ಲ. ನೀರು ಬರುವ ಹಿಂದಿನ ಸಂಜೆ ಡ್ರಮ್ ಬಹುತೇಕ ಖಾಲಿ ಇರುತ್ತದೆ, ತಿಕ್ಕಲು ಅದೇ ಸರಿಯಾದ ಹೊತ್ತು. ಹಾಗಾಗಿ ಪಾತ್ರೆ ಖಾಲಿ ಮಾಡಿ ತಿಕ್ಕುವ ‘ಒಣ ದಿನ’ವನ್ನು ಇಡೀ ಜಿಲ್ಲೆಗೆ ವಾರದ ಒಂದೇ ದಿನ ಎಂದು ಗೊತ್ತುಪಡಿಸುವ ಬದಲು ಆಯಾ ಓಣಿಯ ನೀರಿನ ಸರದಿಗೆ ಹೊಂದಿಸಿ. ನೀರು ಬಿಡುವ ವಾಲ್ವ್‌ಮನ್ ಬಳಿ ಇರುವ ಸರದಿ ಪಟ್ಟಿ ಆಶಾ ಕಾರ್ಯಕರ್ತೆಯ ಕೈಗೆ ಸಿಕ್ಕರೆ ಇಷ್ಟು ಆಗಿಬಿಡುತ್ತದೆ.

ಮುಚ್ಚಳ ಹಾಕಲು ಹೇಳಿದರೆ ಜನ ಹಳೆಯ ಪಂಚೆ, ಸೀರೆ ಕಟ್ಟುತ್ತಾರೆ. ಅದು ಒಳ್ಳೆಯದೇ. ಆದರೆ ಬಟ್ಟೆ ಜೋತುಬಿದ್ದು ನೀರಿಗೆ ತಾಗಿದರೆ ಸೊಳ್ಳೆ ಆ ಒದ್ದೆ ಬಟ್ಟೆಯ ಮೇಲೆಯೇ ಮೊಟ್ಟೆ ಇಡುತ್ತದೆ. ಮೇಲೆ ಮಳೆನೀರು ನಿಂತರೆ ಬಟ್ಟೆಯೇ ಹೊಸ ತೊಟ್ಟಿ. ಸೈಕಲ್ ಟ್ಯೂಬಿನ ಉಂಗುರ ಕತ್ತರಿಸಿ ಬಿಗಿಯಾಗಿ ಕಟ್ಟಿ, ಚೊಂಬು ಅದ್ದಿ ತೆಗೆದ ಪ್ರತಿ ಸಲವೂ ಮತ್ತೆ ಎಳೆದುಬಿಡಬೇಕು. ಮಹಡಿ ಟ್ಯಾಂಕಿನಲ್ಲಿ ಮುಚ್ಚಳ ಸರಿಯಿದ್ದರೂ ನೀರು ತುಂಬಿ ಹೊರಹೋಗುವ ಕೊಳವೆಯ ಬಾಯಿ ತೆರೆದೇ ಇರುತ್ತದೆ. ನಗರದ ಮಲೇರಿಯಾ ಸೊಳ್ಳೆಯಾದ ಅನಾಫಿಲಿಸ್ ಸ್ಟೀಫೆನ್ಸಿಗೆ ಆ ದಾರಿ ಸಾಕು. ಅಲ್ಲಿಗೊಂದು ಸಣ್ಣ ಕಣ್ಣಿನ ಜಾಲರಿ ಸುತ್ತಿ ತಂತಿ ಬಿಗಿದರೆ ಮುಗಿಯಿತು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮೀಣ ಭಾಗದಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಖಾಲಿ ನಿವೇಶನ, ಕಟ್ಟಡ ಕಾಮಗಾರಿ ಜಾಗಕ್ಕೆ ಅದಕ್ಕಿಂತ ಹೆಚ್ಚು. ಕಾಮಗಾರಿ ಜಾಗಗಳ ಮೇಲೆ ಆ ಅಧಿಕಾರ ಬಳಸಿ ಎಂದು ನಾವೂ ಒತ್ತಾಯಿಸುತ್ತೇವೆ. ಕ್ಯೂರಿಂಗ್‌ಗೆ ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ಕಾರ್ಮಿಕರ ಶೆಡ್ಡಿನ ಬ್ಯಾರೆಲ್ ಇವನ್ನು ನೋಡುವವರೇ ಇಲ್ಲ. ವಾರಕ್ಕೊಮ್ಮೆ ನೀರು ಕೊಡುವ ಓಣಿಯ ಬಡ ಮನೆಗೆ ದಂಡ ಹಾಕುವ ಮೊದಲು ಒಂದು ಮುಚ್ಚಳ ಕೊಡಿ.

ಲಾರ್ವಾನಾಶಕದ ಲೆಕ್ಕವೂ ಬಹಳ ಕಡೆ ತಪ್ಪುತ್ತದೆ. ಊರಲ್ಲಿ ಅಬೇಟ್ ಎಂದೇ ಹೆಸರಾದ ಟೆಮೆಫಾಸ್ 50 ಪ್ರತಿಶತ ಇ.ಸಿ.ಯನ್ನು (ನೀರಿನಲ್ಲಿ ಬೆರೆಯುವ ದ್ರವ) ಬಳಕೆಯ ನೀರಿಗೆ ಹಾಕುವ ಪ್ರಮಾಣ ಲೀಟರಿಗೆ 1 ಮಿ.ಗ್ರಾಂ. ಶುದ್ಧ ಟೆಮೆಫಾಸ್. ಅಂದರೆ 1 ಮಿ.ಲೀ. ಔಷಧಕ್ಕೆ 500 ಲೀಟರ್ ನೀರು. 200 ಲೀಟರಿನ ಡ್ರಮ್ಮಿಗೆ ಬೇಕಾದದ್ದು 0.4 ಮಿ.ಲೀ. ಮಾತ್ರ. ಇದನ್ನು ಬಾಟಲಿ ಮುಚ್ಚಳದಲ್ಲಿ ಅಳೆಯಲು ಆಗದು, ಸೂಜಿ ತೆಗೆದ 1 ಮಿ.ಲೀ. ಸಿರಿಂಜ್ ಬೇಕು. ಕೈಯಂದಾಜಿನಲ್ಲಿ ಸುರಿದರೆ ನೀರು ನಾರುತ್ತದೆ, ಮನೆಯವರು ಮುಂದಿನ ವಾರ ಬಾಗಿಲೇ ತೆರೆಯುವುದಿಲ್ಲ. ಕಡಿಮೆ ಹಾಕಿದರೆ ಲಾರ್ವಾ ಬದುಕಿ, ಬದುಕಿದವುಗಳ ಮರಿಗಳಿಗೆ ಔಷಧ ನಾಟದಂತಾಗುತ್ತದೆ. ಡ್ರಮ್ ಖಾಲಿಯಾಗಿ ಮತ್ತೆ ತುಂಬಿದ ದಿನ ಔಷಧವೂ ಹೋಗಿರುತ್ತದೆ. ಹಾಗಾಗಿ ನೀರು ಬಿಡುವ ಹಿಂದಿನ ದಿನ ಮನೆ ಮನೆಗೆ ಹಾಕಿ ಬಂದರೆ ಅದು ಲೆಕ್ಕಕ್ಕೆ ಮಾತ್ರ. ಹಾಕುವ ದಿನವನ್ನೂ ನೀರಿನ ಸರದಿಯೇ ತೀರ್ಮಾನಿಸಬೇಕು.

ತೆರೆದ ಬಾವಿ, ದೊಡ್ಡ ತೊಟ್ಟಿಗಳಿಗೆ ಲಾರ್ವಾ ತಿನ್ನುವ ಗಂಬೂಸಿಯಾ, ಗಪ್ಪಿ ಮೀನು ಸಾಕು. ಸಾಕಷ್ಟು ಬಿಟ್ಟರೆ ಔಷಧ ಬೇಡ. ಇವು ಹೊರದೇಶದ ಮೀನು, ಕೆರೆ ಹಳ್ಳಗಳಿಗೆ ಬಿಡಬಾರದು, ಸ್ಥಳೀಯ ಮೀನುಮರಿಗಳನ್ನು ತಿಂದುಹಾಕುತ್ತವೆ.

ಇನ್ನು ಎಣಿಕೆ. ಅದು ದೊಡ್ಡ ವಿದ್ಯೆಯೇನಲ್ಲ, ಆದರೆ ಶಿಸ್ತು ಬೇಕು. ಒಂದು ವಾರ್ಡಿನಲ್ಲಿ 100 ಮನೆ ಆರಿಸಿ, ನೀರು ನಿಲ್ಲುವ ಪ್ರತಿ ಪಾತ್ರೆಯನ್ನೂ ನೋಡಬೇಕು. ಉದಾಹರಣೆಗೆ 400 ಪಾತ್ರೆ ನೋಡಿದಿರಿ, 12 ಮನೆಗಳಲ್ಲಿ ಒಟ್ಟು 25 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು ಎಂದುಕೊಳ್ಳಿ. ಮನೆ ಸೂಚ್ಯಂಕ 12, ಪಾತ್ರೆ ಸೂಚ್ಯಂಕ 6.25, ನೂರು ಮನೆಗೆ ಎಷ್ಟು ಪಾತ್ರೆ ಎಂದು ಹೇಳುವ ಬ್ರೆಟೂ ಸೂಚ್ಯಂಕ 25. ಮನೆ ಸೂಚ್ಯಂಕ 5, ಬ್ರೆಟೂ 20 ಮೀರಿದರೆ ಡೆಂಗಿ ಹಬ್ಬುವ ಅಪಾಯ ಇದೆ ಎಂದು ಹಿಡಿಯುವುದು ರೂಢಿ. ಅದಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ ಎಂದೇನಲ್ಲ, ಸಿಂಗಪುರದಲ್ಲಿ ಮನೆ ಸೂಚ್ಯಂಕ ಒಂದೆರಡಕ್ಕೆ ಇಳಿದ ಮೇಲೂ ಡೆಂಗಿ ಎದ್ದಿತು. ನಿಜವಾದ ಪ್ರಯೋಜನ ಇರುವುದು ಆ 25 ಯಾವ ಪಾತ್ರೆಗಳು ಎಂಬ ಕಾಲಮ್ಮಿನಲ್ಲಿ. ಹದಿನೇಳು ಡ್ರಮ್ ಇದ್ದರೆ ಅದು ನೀರು ಸರಬರಾಜು ವಿಭಾಗದ ಕೆಲಸ. ಟೈರ್ ಇದ್ದರೆ ಪಂಕ್ಚರ್ ಅಂಗಡಿ ಸಾಲಿನ ಕೆಲಸ. ಕೋಶ, ಅಂದರೆ ಪ್ಯೂಪಾವನ್ನು ಬೇರೆಯಾಗಿ ಎಣಿಸಬೇಕು. ಲಾರ್ವಾಗಳಲ್ಲಿ ಬಹುಪಾಲು ಸಾಯುತ್ತವೆ, ಪ್ಯೂಪಾ ಎಂದರೆ ಇನ್ನೆರಡು ದಿನದಲ್ಲಿ ಸೊಳ್ಳೆ. ಹತ್ತು ಡ್ರಮ್‌ಗಳಿಗಿಂತ ಒಂದು ಹಳೆಯ ಸಿಮೆಂಟ್ ತೊಟ್ಟಿಯಲ್ಲೇ ಹೆಚ್ಚು ಪ್ಯೂಪಾ ಸಿಗುವುದು ಉಂಟು.

ಇಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. ಸಮೀಕ್ಷೆಯವರು ಡ್ರಮ್ಮಿನ ಮುಚ್ಚಳ ದಡಾರನೆ ತೆಗೆದು ಬಗ್ಗಿ ನೋಡುತ್ತಾರೆ. ನೆರಳು ಬಿದ್ದ ಕ್ಷಣವೇ ಲಾರ್ವಾಗಳೆಲ್ಲ ತಳಕ್ಕೆ ಮುಳುಗುತ್ತವೆ. ಹಾಳೆಯಲ್ಲಿ ‘ಇಲ್ಲ’ ಎಂದು ಬೀಳುತ್ತದೆ. ಮೆಲ್ಲಗೆ ತೆರೆದು, ಎರಡು ಮೂರು ನಿಮಿಷ ಅಲುಗಾಡದೆ ನಿಂತು, ಆಮೇಲೆ ಓರೆಯಾಗಿ ಟಾರ್ಚ್ ಬಿಡಬೇಕು. ಉಸಿರಾಡಲು ಮೇಲೆ ಬರಲೇಬೇಕು ಅವು. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅನಾಫಿಲಿಸ್. ತಲೆ ಕೆಳಗಾಗಿ ಬಾಲದ ಕೊಳವೆಯಿಂದ ಜೋತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಕೊಳವೆ ಗಿಡ್ಡವಾಗಿ ದಪ್ಪಗಿದ್ದು, ಹಾವಿನಂತೆ ಹೊರಳಿ ಈಜಿದರೆ ಈಡಿಸ್.

ಇಲ್ಲಿಂದ ಹಳ್ಳಿಯ ಕಡೆ ಹೋಗೋಣ. ಡ್ರಮ್ ಎಷ್ಟು ಮುಖ್ಯವೋ ಕಾಲುವೆಯೂ ಅಷ್ಟೇ ಮುಖ್ಯ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆಗೆ 227 ಕಿ.ಮೀ. ಹರಿಯುತ್ತದೆ. ಬಲದಂಡೆಯ ಕಡೆ ಕಂಪ್ಲಿ, ಸಿರುಗುಪ್ಪ. ನೀರು ಹರಿಯುತ್ತಿರುವಾಗ ಸೊಳ್ಳೆಗೆ ಅಲ್ಲಿ ಜಾಗವಿಲ್ಲ. ನೀರು ನಿಂತ ಮೇಲೆ ವಿತರಣಾ ಕಾಲುವೆಗಳ ತಳದಲ್ಲಿ ಉಳಿಯುವ ಮಡುಗಳು, ಏರಿಗೆ ಮಣ್ಣು ತೆಗೆದ ಗುಂಡಿಗಳು, ಸೋರಿಕೆಯ ಜೌಗು ಇವುಗಳಲ್ಲಿ ಗ್ರಾಮೀಣ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಕುಲಿಸಿಫೇಸಿಸ್ ಹುಟ್ಟುತ್ತದೆ. ನಮ್ಮ ಎರೆಮಣ್ಣು ಒಮ್ಮೆ ಹಿಡಿದ ನೀರನ್ನು ಬೇಗ ಬಿಡುವುದಿಲ್ಲ. ಕಾಲುವೆ ಬಂದ್ ಆದ ದಿನಾಂಕ ಕೀಟಶಾಸ್ತ್ರಜ್ಞನಿಗೆ ಅಂದೇ ಗೊತ್ತಾದರೆ, ಹತ್ತು ದಿನದೊಳಗೆ ಯಾವ ಮಡುವಿನ ನೀರನ್ನು ಹರಿಯಬಿಡಬೇಕು, ಯಾವುದಕ್ಕೆ ಬಿ.ಟಿ.ಐ. (ಲಾರ್ವಾ ಕೊಲ್ಲುವ ಬ್ಯಾಕ್ಟೀರಿಯಾ ಔಷಧ) ಹಾಕಬೇಕು ಎಂದು ಪಟ್ಟಿ ಮಾಡಬಹುದು. ಇದಕ್ಕೆ ಬೇಕಾದದ್ದು ನೀರಾವರಿ ಕಚೇರಿಯಿಂದ ಒಂದು ವಾಟ್ಸ್ಆ್ಯಪ್ ಸಂದೇಶ.

ಭತ್ತದ ಗದ್ದೆಯಲ್ಲಿ ಬೇರೆ ಕೀಟ. ಜಪಾನೀಸ್ ಮಿದುಳುಜ್ವರ ಹರಡುವ ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್ ನಿಂತ ಗದ್ದೆನೀರಿನಲ್ಲಿ ಬೆಳೆಯುತ್ತದೆ. ವೈರಸ್ ಬೆಳ್ಳಕ್ಕಿ, ಕೊಕ್ಕರೆ, ಹಂದಿಗಳಲ್ಲಿ ಬೆಳೆದು, ಸೊಳ್ಳೆಯ ಮೂಲಕ ಮಕ್ಕಳಿಗೆ ಬರುತ್ತದೆ. ಈ ಸೊಳ್ಳೆ ಹೊರಗೇ ಕಚ್ಚಿ ಹೊರಗೇ ಕೂರುತ್ತದೆ, ಮನೆ ಗೋಡೆಗೆ ಔಷಧ ಹೊಡೆದು ಫಲವಿಲ್ಲ. 9ನೇ ತಿಂಗಳಲ್ಲಿ ಮತ್ತು 16ರಿಂದ 24ನೇ ತಿಂಗಳೊಳಗೆ ಕೊಡುವ ಎರಡು ಲಸಿಕೆ ಯಾವ ಮಗುವಿಗೂ ತಪ್ಪಬಾರದು. ನಾಟಿ, ಕೊಯ್ಲಿಗೆ ಊರೂರು ಸುತ್ತುವ ಕೂಲಿಕಾರರ ಮಕ್ಕಳಿಗೇ ಎರಡನೆಯದು ತಪ್ಪುವ ಸಾಧ್ಯತೆ ಹೆಚ್ಚು.

ಗದ್ದೆಯನ್ನು ಆಗಾಗ ಒಣಗಲು ಬಿಟ್ಟರೆ ಲಾರ್ವಾ ಸಾಯುತ್ತದೆ, ನೀರೂ ಉಳಿಯುತ್ತದೆ ಎಂಬುದು ಹಳೆಯ ಮಾತು. ಹಾಗಿದ್ದೂ ರೈತ ಯಾಕೆ ಮಾಡುವುದಿಲ್ಲ? ಕಾಲುವೆಯ ಕೊನೆಭಾಗದ ರೈತನಿಗೆ ಮುಂದಿನ ಸರದಿಯ ನೀರು ಬರುತ್ತದೆಂಬ ನಂಬಿಕೆ ಇಲ್ಲ. ಇದ್ದ ನೀರನ್ನು ಅವನು ಹೇಗೆ ಬಿಟ್ಟಾನು? ಜೊತೆಗೆ ಎರೆಭೂಮಿ ಹೆಚ್ಚು ಒಣಗಿ ಬಾಯಿ ಬಿಟ್ಟರೆ ಮತ್ತೆ ಕಟ್ಟುವ ನೀರೆಲ್ಲ ಬಿರುಕಿನಲ್ಲಿ ಇಳಿದುಹೋಗುತ್ತದೆ. ಕೂದಲೆಳೆಯಷ್ಟು ಬಿರುಕು ಕಾಣುವವರೆಗೆ ಮಾತ್ರ ಒಣಗಿಸಬೇಕು. ಒಂದು ವಿತರಣಾ ಕಾಲುವೆಯ ಕೆಳಗಿನವರೆಲ್ಲ ಒಟ್ಟಿಗೆ ಮಾಡಬೇಕು. ಸರದಿ ತಪ್ಪದಂತೆ ಎಂಜಿನಿಯರ್ ಮಾತು ಕೊಟ್ಟು ನಡೆಸಿದರೆ ಮಾತ್ರ ಇದು ಸಾಧ್ಯ.

ಹೊಲದ ಔಷಧಕ್ಕೂ ಊರಿನ ಸೊಳ್ಳೆಗೂ ಇರುವ ನಂಟು ಇನ್ನೂ ಗಂಭೀರ. ಭತ್ತದ ಕಂದು ಜಿಗಿಹುಳು ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಕೂತು ರಸ ಹೀರುತ್ತದೆ. ರೈತ ಮೇಲಿನಿಂದ ಸಿಂಥೆಟಿಕ್ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಹೊಡೆಯುತ್ತಾನೆ. ಹುಳುವಿಗೆ ಅದು ತಾಗುವುದಿಲ್ಲ, ಅದನ್ನು ತಿನ್ನುವ ಜೇಡ, ಮಿರಿಡ್ ತಿಗಣೆಗಳು ಸಾಯುತ್ತವೆ, ಎರಡು ವಾರದಲ್ಲಿ ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಗದ್ದೆ ಸುಟ್ಟಂತಾಗುತ್ತದೆ. ಅದೇ ಸಿಂಪಡಣೆ ನೀರಿನಲ್ಲಿ ಸೊಳ್ಳೆ ಲಾರ್ವಾ ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿ, ಬೆನ್ನೀಜು ತಿಗಣೆಗಳನ್ನೂ ಕೊಲ್ಲುತ್ತದೆ. ಸೊಳ್ಳೆ ಕೆಲವೇ ದಿನಗಳಲ್ಲಿ ಮರಳುತ್ತದೆ, ಅದನ್ನು ತಿನ್ನುವ ಕೀಟಗಳಿಗೆ ವಾರಗಟ್ಟಲೆ ಬೇಕು.

ಮೆಣಸಿನಕಾಯಿಯ ಕಪ್ಪು ಥ್ರಿಪ್ಸ್ ಕೀಟ 2021ರಲ್ಲಿ ಬಳ್ಳಾರಿ, ರಾಯಚೂರು ಕಡೆ ಎದ್ದಾಗ ಕೈಗೆ ಸಿಕ್ಕ ಔಷಧವನ್ನೆಲ್ಲ ಬೆರೆಸಿ ಹೊಡೆದದ್ದನ್ನು ಇಲ್ಲಿನ ಜನ ಮರೆತಿಲ್ಲ. ಹೊಲದಲ್ಲಿ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್, ಆರೋಗ್ಯ ಇಲಾಖೆ ಹಂಚುವ ಸೊಳ್ಳೆಪರದೆಗೆ ಹಚ್ಚಿದ ಔಷಧ, ಗೋಡೆಗೆ ಹೊಡೆಯುವ ಆಲ್ಫಾಸೈಪರ್‌ಮೆಥ್ರಿನ್, ಮನೆಯ ಸೊಳ್ಳೆಬತ್ತಿ ಇವೆಲ್ಲ ಪೈರೆಥ್ರಾಯ್ಡ್ ಎಂಬ ಒಂದೇ ರಾಸಾಯನಿಕ ಕುಟುಂಬದವು. ಗದ್ದೆಯಲ್ಲಿ ಅದಕ್ಕೆ ಒಗ್ಗಿದ ಲಾರ್ವಾ ಸೊಳ್ಳೆಯಾಗಿ ಊರಿಗೆ ಬಂದಾಗ ಪರದೆಯ ಮೇಲೆ ಕೂತರೂ ಸಾಯದೇ ಹೋಗಬಹುದು.

ಅದು ಗೊತ್ತಾಗುವುದು ಪರೀಕ್ಷೆಯಿಂದ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಗೊತ್ತುಮಾಡಿದ ಕೊಳವೆಗೆ 20ರಿಂದ 25 ಹೆಣ್ಣು ಅನಾಫಿಲಿಸ್ ಸೊಳ್ಳೆ ಬಿಟ್ಟು, 0.05 ಪ್ರತಿಶತ ಡೆಲ್ಟಾಮೆಥ್ರಿನ್ ಲೇಪಿಸಿದ ಕಾಗದದ ಜೊತೆ ಒಂದು ಗಂಟೆ ಇಟ್ಟು, 24 ಗಂಟೆ ಬಿಟ್ಟು ಸತ್ತವನ್ನು ಎಣಿಸುವುದು. 98 ಪ್ರತಿಶತ ಅಥವಾ ಹೆಚ್ಚು ಸತ್ತರೆ ಔಷಧ ಕೆಲಸ ಮಾಡುತ್ತಿದೆ. 90ಕ್ಕಿಂತ ಕಡಿಮೆ ಸತ್ತರೆ ಪ್ರತಿರೋಧ ಬಂದಿದೆ. ನಡುವೆ ಇದ್ದರೆ ಮರುಪರೀಕ್ಷೆ. ಔಷಧವಿಲ್ಲದ ಕಾಗದದ ಕೊಳವೆಯಲ್ಲೇ 20 ಪ್ರತಿಶತ ಸತ್ತರೆ ಇಡೀ ಪರೀಕ್ಷೆ ಬಿಸಾಡಬೇಕು. ನಮ್ಮ ಭಾಗದಲ್ಲಿ ಪರೀಕ್ಷೆ ಕೆಡುವುದೇ ಇಲ್ಲಿ. 42 ಡಿಗ್ರಿಯಲ್ಲಿ ಜೀಪಿನಲ್ಲಿ ತಂದ ಸೊಳ್ಳೆ ದಾರಿಯಲ್ಲೇ ಸೊರಗಿರುತ್ತದೆ. ಕಾಗದದ ಲೋಟಗಳನ್ನು ಒದ್ದೆ ಟವೆಲ್ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಬೆಳಗ್ಗೆ 8ರೊಳಗೆ ತರಬೇಕು, 27 ಡಿಗ್ರಿ ಆಸುಪಾಸಿನ ಒಂದು ಎ.ಸಿ. ಕೋಣೆ ಬೇಕು.

ಇದೇ ಕೀಟಶಾಸ್ತ್ರಜ್ಞನ ಕೆಲಸ. ಬೆಳಗಿನ ಜಾವ ದನದ ಕೊಟ್ಟಿಗೆಯಲ್ಲಿ ಟಾರ್ಚ್ ಹಿಡಿದು, ಹೀರುಗೊಳವೆಯಿಂದ ಗೋಡೆಯ ಸೊಳ್ಳೆ ಹಿಡಿಯುವುದು, ಒಬ್ಬ ವ್ಯಕ್ತಿ ಒಂದು ಗಂಟೆಗೆ ಎಷ್ಟು ಹಿಡಿದ ಎಂಬ ಸಾಂದ್ರತೆ ಬರೆಯುವುದು, ರೆಕ್ಕೆಯ ಮಚ್ಚೆ ನೋಡಿ ಜಾತಿ ಗುರುತಿಸುವುದು, ಹೆಣ್ಣು ಸೊಳ್ಳೆಯ ಅಂಡಾಶಯ ಬಿಡಿಸಿ ಅದು ಒಮ್ಮೆಯಾದರೂ ಮೊಟ್ಟೆ ಇಟ್ಟಿದೆಯೇ ಎಂದು ನೋಡುವುದು. ಮೊಟ್ಟೆ ಇಟ್ಟಿದ್ದರೆ ಅದು ವಯಸ್ಸಾದ ಸೊಳ್ಳೆ, ರೋಗ ಹರಡುವಷ್ಟು ದಿನ ಬದುಕಿದೆ ಎಂದರ್ಥ. ಇಲಾಖೆಯ ವಾಹನ 10 ಗಂಟೆಗೆ ಬಂದರೆ ಈ ಯಾವ ಕೆಲಸವೂ ಆಗುವುದಿಲ್ಲ, ನಾಲ್ಕೂವರೆಗೆ ಬೇಕು. ಗೋಡೆ ಸಿಂಪಡಣೆಯ ಮೇಲ್ವಿಚಾರಣೆಯೂ ಅವನದೇ. ಆಲ್ಫಾಸೈಪರ್‌ಮೆಥ್ರಿನ್ 5 ಪ್ರತಿಶತ ಪುಡಿ 250 ಗ್ರಾಂಗೆ 10 ಲೀಟರ್ ನೀರು, ಅದು 500 ಚದರ ಮೀಟರ್ ಗೋಡೆಗೆ. ನಾಜಲ್ ಗೋಡೆಯಿಂದ 45 ಸೆಂ.ಮೀ. ದೂರ, ನಿಮಿಷಕ್ಕೆ 740ರಿಂದ 850 ಮಿ.ಲೀ. ಅದಕ್ಕಿಂತ ಹೆಚ್ಚು ಬಂದರೆ ನಾಜಲ್ ಸವೆದಿದೆ, ಬದಲಿಸಬೇಕು. ಸಿಂಪಡಿಸಿದ ವಾರದಲ್ಲೇ ಹಬ್ಬಕ್ಕೆಂದು ಸುಣ್ಣ ಬಳಿದರೆ ಔಷಧ ಮುಚ್ಚಿಹೋಗುತ್ತದೆ, ಸುಣ್ಣದ ಕ್ಷಾರಕ್ಕೆ ಒಡೆದೂ ಹೋಗುತ್ತದೆ. ದಿನಾಂಕವನ್ನು ಹಬ್ಬದ ಪಂಚಾಂಗ ನೋಡಿ ಇಡಬೇಕು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1946ರ ಸುಮಾರಿಗೆ ಆಗಿನ ಮುಂಬೈ ಪ್ರಾಂತ್ಯದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮಲೇರಿಯಾ ತಜ್ಞರಾದ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಡಿಡಿಟಿ ಕೀಟನಾಶಕ ಸಿಂಪಡಣೆಯ ಫಲವನ್ನು ಅಳೆದು ತೋರಿಸಿದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, 1961ರ ಹೊತ್ತಿಗೆ ದೇಶದಲ್ಲಿ ಮಲೇರಿಯಾ ವರ್ಷಕ್ಕೆ ಸುಮಾರು 50,000 ಪ್ರಕರಣಕ್ಕೆ ಇಳಿಯಿತು. ರೋಗ ಹೋಯಿತೆಂದು ನಿಗಾ ಸಡಿಲವಾಯಿತು, ಸೊಳ್ಳೆಗೆ ಡಿಡಿಟಿ ಒಗ್ಗಿತು. 1976ರಲ್ಲಿ ಪ್ರಕರಣ 64 ಲಕ್ಷ. ಈಗ ಮತ್ತೆ ಸಂಖ್ಯೆ ಕಡಿಮೆಯಿದೆ, 2030ರೊಳಗೆ ನಿರ್ಮೂಲನೆಯ ಗುರಿ ಇದೆ. ರೋಗಿಗಳಿಲ್ಲದ ಜಿಲ್ಲೆಗೆ ಕೀಟಶಾಸ್ತ್ರಜ್ಞ ಯಾಕೆ ಎಂದು ಕಡತದಲ್ಲಿ ಬರೆಯುವ ಕಾಲ ಇದೇ, ಅದಕ್ಕೇ ನಮಗೆ ಆತಂಕ.

ಓದಿದವರ ಕೊರತೆ ಇಲ್ಲ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರದ ಎಂ.ಎಸ್ಸಿ., ಪಿಎಚ್‌.ಡಿ. ಇದೆ, ಗಂಗಾವತಿ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರಗಳಿವೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದಲ್ಲೇ ಎಂ.ಎಸ್ಸಿ. ಕೊಡುತ್ತದೆ. ಬೆಳೆ ಕೀಟ ಓದಿದವರಿಗೆ ಆರು ತಿಂಗಳ ತರಬೇತಿ ಕೊಟ್ಟರೆ ಸೊಳ್ಳೆ ಕೆಲಸಕ್ಕೆ ಸಿದ್ಧರಾಗುತ್ತಾರೆ. ಸದ್ಯ ಅವರಿಗೆ ತೆರೆದಿರುವ ಬಾಗಿಲು ಕೀಟನಾಶಕ ಮಾರಾಟ, ಬ್ಯಾಂಕ್ ಪರೀಕ್ಷೆ, ಇಲ್ಲವೆ ವರ್ಷ ವರ್ಷ ನವೀಕರಿಸುವ ಗುತ್ತಿಗೆ. ಒಂದು ಓಣಿಯ ಸೂಚ್ಯಂಕ ಅರ್ಥ ಕೊಡಬೇಕಾದರೆ ಒಬ್ಬರೇ ನಾಲ್ಕೈದು ಮಳೆಗಾಲ ಅಲ್ಲೇ ಎಣಿಸಬೇಕು. ವರ್ಷಕ್ಕೊಬ್ಬರು ಬದಲಾದರೆ ಹಾಳೆಗಳು ಉಳಿಯುತ್ತವೆ, ತಿಳಿವಳಿಕೆ ಉಳಿಯುವುದಿಲ್ಲ.

ಆದ್ದರಿಂದ ಖಾಯಂ ಹುದ್ದೆ ಕೊಡಿ, ಬಡ್ತಿಯ ದಾರಿ ಕೊಡಿ, ಇಬ್ಬರು ಕೀಟ ಸಂಗ್ರಾಹಕರು, ಒಂದು ಸೂಕ್ಷ್ಮದರ್ಶಕ, ಆ ಎ.ಸಿ. ಕೋಣೆ, ನಾಲ್ಕೂವರೆಯ ವಾಹನ ಕೊಡಿ. ತಿಂಗಳಿಗೊಮ್ಮೆ ಆರೋಗ್ಯ, ಕೃಷಿ, ನೀರಾವರಿ, ನಗರ ನೀರು ಸರಬರಾಜಿನವರು ಒಂದೇ ನಕ್ಷೆಯ ಮುಂದೆ ಕೂರಲಿ: ಕಾಲುವೆ ಬಂದ್ ದಿನಾಂಕ, ಓಣಿಯ ನೀರಿನ ಸರದಿ, ಹೊಲಕ್ಕೆ ಬಿದ್ದ ಔಷಧ, ವಾರ್ಡುವಾರು ಸೂಚ್ಯಂಕ ಎಲ್ಲವೂ ಅದರ ಮೇಲೆ ಬರಲಿ. ಸೂಚ್ಯಂಕವನ್ನು ವಾರ್ಡ್ ಕಚೇರಿಯ ಹಲಗೆಗೆ ಪ್ರತಿ ವಾರ ಅಂಟಿಸಿ, ಜನರೂ ನೋಡಲಿ. ಹೊಗೆ ಯಂತ್ರದ ಡೀಸೆಲ್ ಬಿಲ್ಲಿನ ಜೊತೆ ಕೀಟಶಾಸ್ತ್ರಜ್ಞರ ಸಹಿಯುಳ್ಳ ಎಣಿಕೆ ಹಾಳೆ ಇಲ್ಲದಿದ್ದರೆ ಬಿಲ್ ಪಾಸಾಗದಿರಲಿ.

ಈ ಮಳೆಗಾಲಕ್ಕೆ ಹುದ್ದೆ ಬರುವುದಿಲ್ಲ ಎಂದು ನಮಗೂ ಗೊತ್ತು. ಆದರೆ ಒಂದು ಕೆಲಸ ಈಗಲೇ ಆಗಬಹುದು. ಮೊದಲ ಮಳೆ ಬಿದ್ದ ವಾರ ಊರ ತುಂಬ ಕೂಲರ್ ಬಂದ್ ಆಗಿ, ಮೂಲೆಗೋ ಮಹಡಿಗೋ ಸೇರುತ್ತವೆ. ತಳದ ತಟ್ಟೆಯಲ್ಲಿ ನಾಲ್ಕು ಬೆರಳು ನೀರು, ಹುಲ್ಲಿನ ಪ್ಯಾಡಿನ ಕೆಳಅಂಚಿನಲ್ಲಿ ಮೊಟ್ಟೆ. ಆ ವಾರ ಆಶಾ ಕಾರ್ಯಕರ್ತೆಯರು, ಕಾಲೇಜು ವಿದ್ಯಾರ್ಥಿಗಳು ಮನೆ ಮನೆಗೆ ಹೋಗಿ ತಟ್ಟೆ ಖಾಲಿ ಮಾಡಿಸಿ, ತಿಕ್ಕಿಸಿ, ಹಳೆಯ ಪ್ಯಾಡ್ ಸುಡಿಸಲಿ, ಎಷ್ಟು ಕೂಲರ್‌ನಲ್ಲಿ ಲಾರ್ವಾ ಇತ್ತೆಂದು ಬರೆದು ತರಲಿ. ಹಾಳೆಯ ನಮೂನೆಯನ್ನೂ, ಎರಡು ದಿನದ ತರಬೇತಿಯನ್ನೂ ನಾವು ಹಣ ಪಡೆಯದೆ ಕೊಡುತ್ತೇವೆ. ಯಾವ ವಾರ್ಡಿನಿಂದ ಶುರು ಮಾಡಬೇಕೆಂದು ತಿಳಿಸಿ.

ಇತಿ ತಮ್ಮ ವಿಶ್ವಾಸಿಗಳು,
ಮೂರು ಜಿಲ್ಲೆಗಳ ಕೀಟಶಾಸ್ತ್ರದ ಕೆಲಸಗಾರರು